ಬೆಟ್ಟದ ಮೇಲೆ ಹಿಂದೆ ಬಿದ್ದ ಗಡಿಯಾರ

ಆ ಊರಿನ ಶಾಲೆಗೆ ಹೊಸದಾಗಿ ವರ್ಗವಾಗಿ ಬಂದ ಮೇಷ್ಟರು ಮುದ್ರೆ ಮಾವನನ್ನು ಮೊದಲು ಕಂಡದ್ದು ಒಂದು ಸೋಮವಾರ ಮಧ್ಯಾಹ್ನ. ಶಾಲೆಯ ಗೋಡೆ ಗಡಿಯಾರ ನಿಂತುಹೋಗಿತ್ತು. ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಜ್ವರ ಬಂದ ಕೂಸನ್ನು ಎತ್ತಿಕೊಂಡವರ ಹಾಗೆ ಎದೆಗವಚಿಕೊಂಡು ಅವರು ಅಂಗಡಿಯ ಮೆಟ್ಟಿಲು ಹತ್ತಿದರು. ಅಂಗಡಿಯೆಂದರೆ ಅಂಚೆ ಕಚೇರಿಗೂ ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಒಂದು ಉದ್ದನೆಯ ಕೋಣೆ. ಎರಡೂ ಗೋಡೆಗಳ ತುಂಬ ಗಡಿಯಾರಗಳು. ಒಂದು ಹತ್ತು ಗಂಟೆ ಅಂದರೆ ಇನ್ನೊಂದು ಮೂರು ಅನ್ನುತ್ತಿತ್ತು. ಮೂಲೆಯಲ್ಲಿದ್ದ ಮತ್ತೊಂದು ಯಾರ ತಂಟೆಯೂ ಬೇಡವೆಂದು ಸುಮ್ಮನಿತ್ತು. ನಡುವೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬೆನ್ನು ಬಗ್ಗಿಸಿ ಕುಳಿತಿದ್ದವರೇ ಮುದ್ರೆ ಮಾವ.

ಅವರು ಗಡಿಯಾರವನ್ನು ನೋಡಲಿಲ್ಲ. ಕಿವಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು, ಆಮೇಲೆ ಮೂಸಿದರು. “ಯಾರೋ ಅಡುಗೆ ಎಣ್ಣೆ ಬಿಟ್ಟಿದಾರೆ. ಕರಿಯೋಣ ಅಂತಿದ್ರಾ ಮೇಷ್ಟ್ರೇ?” ಎಂದರು. ಎಣ್ಣೆ ಬಿಟ್ಟವರು ಸ್ವತಃ ಮೇಷ್ಟರೇ. ಅವರು ಹುಳ್ಳಗೆ ನಕ್ಕು, ಯಾವಾಗ ಬರಲಿ ಎಂದು ಕೇಳಿದರು. “ಮುದ್ರೆ ಬಿದ್ದ ಮೇಲೆ ಹೇಳಿ ಕಳಿಸ್ತೀನಿ” ಎಂದು ಮಾವ ಮತ್ತೆ ಭೂತಗನ್ನಡಿಯೊಳಗೆ ಹೊಕ್ಕರು.

ಮುದ್ರೆಯೆಂದರೆ ಇಷ್ಟೇ. ಲೋಲಕದ ಗಡಿಯಾರದಲ್ಲಿ ಅತ್ತಿತ್ತ ತೂಗುವ ಹಿತ್ತಾಳೆ ಗುಂಡಿನ ಕೆಳಗೆ ಒಂದು ಪುಟ್ಟ ತಿರುಪು ಇರುತ್ತದೆ. ಅದನ್ನು ಬಿಗಿದರೆ ಗುಂಡು ಮೇಲೇರಿ ಗಡಿಯಾರ ಚುರುಕಾಗುತ್ತದೆ. ಸಡಿಲಿಸಿದರೆ ಗುಂಡು ಇಳಿದು ನಿಧಾನವಾಗುತ್ತದೆ. ಮಾವ ಪ್ರತಿಯೊಂದು ಗಡಿಯಾರವನ್ನೂ ವಾರಗಟ್ಟಲೆ ತಮ್ಮ ಗೋಡೆಯ ಮೇಲೆ ತೂಗುಹಾಕಿ, ರೇಡಿಯೋದ ವೇಳೆಗೆ ಹೋಲಿಸಿ, ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ತಿರುಪನ್ನು ತಿರುಗಿಸುತ್ತಿದ್ದರು. ಸರಿಯಾಯಿತು ಅನ್ನಿಸಿದ ದಿನ ಕೆಂಪು ಅರಗನ್ನು ಕಾಯಿಸಿ, ತಿರುಪಿನ ಮೇಲೆ ಒಂದು ಹನಿ ಬಿಟ್ಟು, ಹಳೆಯ ಬೀಗದ ಕೈಯ ತುದಿಯಿಂದ ಒತ್ತುತ್ತಿದ್ದರು. ಆ ಮುದ್ರೆ ಬಿದ್ದ ಮೇಲೆ ಆ ತಿರುಪನ್ನು ಯಾರೂ ಮುಟ್ಟಕೂಡದು. ಅವರೂ ಮುಟ್ಟುತ್ತಿರಲಿಲ್ಲ. ಮಗಳನ್ನು ಶಾಲೆಗೆ ಕಳಿಸುವಾಗ ಜಡೆಗೂ ಮುದ್ರೆ ಹಾಕಿಯೇ ಕಳಿಸುತ್ತಾರೆ ಎಂದು ಊರಿನವರು ತಮಾಷೆ ಮಾಡುತ್ತಿದ್ದರು. ಅವರ ಹೆಂಡತಿ ಮಾತ್ರ, “ಬಾಯಿಗೊಂದು ಹಾಕ್ಕೊಂಡಿದ್ರೆ ನಾನು ಬದುಕ್ಕೋತಿದ್ದೆ” ಅನ್ನುತ್ತಿದ್ದರು.

ಶಾಲೆಯ ಗಡಿಯಾರ ಮುದ್ರೆ ಹೊತ್ತು ಬಂದಿತು. ಮೇಷ್ಟರು ನಿವೃತ್ತರಾಗುವವರೆಗೂ ಒಂದೇ ಸಮನೆ ನಡೆಯಿತು. ಹಾಗೆ ಶುರುವಾದ ಸ್ನೇಹದಲ್ಲಿ ಮೇಷ್ಟರು ಸಂಜೆ ಸಂಜೆ ಆ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿಯುವುದು ರೂಢಿಯಾಯಿತು. ಮಾವನ ಕೈಕೆಲಸ ಅಷ್ಟು ಶುದ್ಧ. ಮಾತು ಹರಿತ. ತಮ್ಮ ಮುದ್ರೆಯ ಮೇಲೆ ಅವರಿಗಿದ್ದ ನಂಬಿಕೆಯಂತೂ ಕಲ್ಲಿನಲ್ಲಿ ಕೊರೆದಂಥದು. ಬೆಟ್ಟದ ಮೇಲೆ ನಡೆದದ್ದಕ್ಕೆಲ್ಲ ಆ ನಂಬಿಕೆಯೇ ಮೂಲ.

ಊರಿನ ಪಕ್ಕದಲ್ಲೇ ಬೆಟ್ಟ. ಬಸ್ಸು ಬೆಳಗ್ಗೆ ಹೊರಟರೆ ಸುತ್ತಿ ಸುತ್ತಿ ಮಧ್ಯಾಹ್ನದ ಹೊತ್ತಿಗೆ ಮೇಲೆ ಮುಟ್ಟುತ್ತಿತ್ತು. ಅಲ್ಲಿ ಎದೆರೋಗದವರ ಆಸ್ಪತ್ರೆ. ಅದರ ಉದ್ದನೆಯ ಮೊಗಸಾಲೆಗೆ ಒಂದು ದೊಡ್ಡ ಗಡಿಯಾರ ಬೇಕೆಂದು ದೊಡ್ಡ ಡಾಕ್ಟರು ಹೇಳಿಕಳಿಸಿದಾಗ ಮಾವ ಹಿಗ್ಗಿ ಹೋದರು. ತಿಂಗಳುಗಟ್ಟಲೆ ಕೂತು, ಆಳೆತ್ತರದ ಒಂದು ಹಳೆಯ ಗಡಿಯಾರವನ್ನು ಬಿಚ್ಚಿ ಕಟ್ಟಿ, ಮುದ್ರೆ ಹಾಕಿ, ಆಸ್ಪತ್ರೆಯ ವ್ಯಾನಿನಲ್ಲಿ ಲೋಲಕವನ್ನು ತೊಡೆಯ ಮೇಲಿಟ್ಟುಕೊಂಡು ಬೆಟ್ಟ ಹತ್ತಿದರು.

ಅಲ್ಲಿ ಗಂಟೆ ಬಾರಿಸುವ ಕೆಲಸ ಒಬ್ಬ ಆಯಾಳದು. ಔಷಧಿಗೆ, ಮಲಗುವುದಕ್ಕೆ, ನೋಡಲು ಬಂದ ನೆಂಟರು ಬಸ್ಸಿಗೆ ಹೊರಡುವುದಕ್ಕೆ, ಎಲ್ಲಕ್ಕೂ ಅವಳ ಗಂಟೆಯೇ. ಎಲ್ಲರೂ ಅವಳನ್ನು ಗಂಟೆಯಕ್ಕ ಅನ್ನುತ್ತಿದ್ದರು. ಮಾವ ಕೀಲಿಯನ್ನು ಅವಳ ಕೈಗೆ ಕೊಟ್ಟು, ವಾರಕ್ಕೊಮ್ಮೆ ಕೀ ಕೊಡು, ಧೂಳು ಒರೆಸು, ಮುಳ್ಳನ್ನೂ ತಿರುಪನ್ನೂ ಮುಟ್ಟಿದರೆ ನನ್ನ ಕೈ ಮುರಿದ ಹಾಗೆ ಎಂದು ಕಟ್ಟಪ್ಪಣೆ ಮಾಡಿದರು. ಅವಳು ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಲೆಯಾಡಿಸಿದಳು.

ಕೆಲವು ವಾರಗಳಲ್ಲೇ ದೂರು ಬಂದಿತು. ಗಡಿಯಾರ ಹಿಂದೆ ಬೀಳುತ್ತಿದೆ. ಅದನ್ನು ನಂಬಿದ ನೆಂಟರಿಗೆ ಬಸ್ಸು ತಪ್ಪುತ್ತಿದೆ. ಮಾವ ಹೋಗಿ ನೋಡಿದರು. ಮುದ್ರೆ ಹಾಗೇ ಇತ್ತು, ಯಂತ್ರದಲ್ಲಿ ಒಂದು ಹಲ್ಲೂ ಸವೆದಿರಲಿಲ್ಲ. ಅನುಮಾನ ತೀರಲೆಂದು ಗಡಿಯಾರವನ್ನು ಕೆಳಗೆ ಹೊರಿಸಿ ತಂದು ತಮ್ಮ ಗೋಡೆಗೆ ನೇತುಹಾಕಿದರು. ಅಲ್ಲಿ ಅದು ರೇಡಿಯೋಗೆ ಸರಿಸಮನಾಗಿ, ಒಂದು ಟಿಕ್ಕೂ ತಪ್ಪದೆ ನಡೆಯಿತು. ಮತ್ತೆ ಮೇಲೆ ಕಳಿಸಿದರು. ಮತ್ತೆ ಹಿಂದೆ ಬಿದ್ದಿತು. ಗಡಿಯಾರ ಅದೇ, ಮುದ್ರೆ ಅದೇ. ಬೇರೆಯಾಗಿರುವುದು ಕೀಲಿ ಹಿಡಿದ ಕೈಯೊಂದೇ ಎಂದು ಮಾವ ತೀರ್ಮಾನಕ್ಕೆ ಬಂದರು.

ಆ ತೀರ್ಮಾನವನ್ನು ಅವರು ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ಔಷಧಿಯ ಹೊತ್ತಿಗೆ ಬೆಟ್ಟಕ್ಕೆ ಹೋದರು. ರೋಗಿಗಳು ಲೋಟ ಹಿಡಿದು ಮೊಗಸಾಲೆಯಲ್ಲಿ ಸಾಲು ನಿಂತಿದ್ದರು. ದೊಡ್ಡ ಡಾಕ್ಟರೂ ಕಾಂಪೌಂಡರನೂ ಅಲ್ಲೇ ಇದ್ದರು. ಮಾವ ಎಲ್ಲರೆದುರಿಗೆ ಗಂಟೆಯಕ್ಕನನ್ನು ಕರೆದು ಏನು ಮಾಡುತ್ತಿದ್ದೀ ಎಂದು ಕೇಳಿದರು. ಅವಳು ತನ್ನ ಮಣಿಕಟ್ಟನ್ನು ಮುಂದೆ ಚಾಚಿದಳು. ಅದರ ಮೇಲೊಂದು ಅಗ್ಗದ ಕೈಗಡಿಯಾರ.

“ನಾನೇನೂ ಮುಟ್ಟಿಲ್ಲ ಅಣ್ಣಾ. ನನ್ನ ವಾಚು ರೇಡಿಯೋಗೆ ಸರಿಯಾಗೇ ಇದೆ, ದಿನಾ ನೋಡ್ತೀನಿ. ನಿಮ್ಮದು ತಾನಾಗೇ ಹಿಂದೆ ಬೀಳ್ತಿದೆ.”

ಮಾವ ನಕ್ಕುಬಿಟ್ಟರು. “ಈ ಆಟದ ಸಾಮಾನು ಇಟ್ಕೊಂಡು ನನ್ನ ಗಡಿಯಾರಕ್ಕೆ ಬುದ್ಧಿ ಹೇಳ್ತೀಯೇನಮ್ಮಾ? ಮಧ್ಯಾಹ್ನ ಇನ್ನೊಂದು ಚೂರು ಮಲಗೋಣ ಅನ್ನಿಸಿದಾಗ ಲೋಲಕ ಹಿಡಿದು ನಿಲ್ಲಿಸ್ತೀಯ, ಅಷ್ಟೇ ತಾನೆ. ಕೆಳಗೆ ನೆಟ್ಟಗೆ ಇದ್ದದ್ದು ಮೇಲೆ ಬಂದ ಕೂಡಲೇ ಕೆಡೋದಕ್ಕೆ ಅದಕ್ಕೇನು ಕೆಮ್ಮು ಬಂದಿದೆಯಾ?”

ಸಾಲಿನಲ್ಲಿದ್ದವರು ನಕ್ಕರು. ನಕ್ಕು ನಕ್ಕು ಕೆಲವರು ಕೆಮ್ಮಿದರು. ಗಂಟೆಯಕ್ಕ ಸೆರಗಿನ ಗಂಟು ಬಿಚ್ಚಿ, ಕೀಲಿಯನ್ನು ಔಷಧಿಯ ಮೇಜಿನ ಮೇಲಿಟ್ಟಳು. “ಗಡಿಯಾರ ಸುಳ್ಳು ಹೇಳಲ್ಲ ಅಂದ್ಮೇಲೆ ನಾನೇ ಹೇಳಿರ್ಬೇಕು ಬಿಡಿ” ಎಂದಷ್ಟೇ ಹೇಳಿ ಹೊರಟುಹೋದಳು. ಅವಳನ್ನು ಬಟ್ಟೆ ಒಗೆಯುವ ಮನೆಗೆ ಹಾಕಿದರು. ಗಂಟೆ ಕಾಂಪೌಂಡರನ ಪಾಲಿಗೆ ಬಂದಿತು. ಆತ ದಿನಾ ಬೆಳಗ್ಗೆ ರೇಡಿಯೋ ಕೇಳಿ ಮುಳ್ಳನ್ನು ಮುಂದಕ್ಕೆ ತಳ್ಳುತ್ತಿದ್ದುದರಿಂದ ಬಸ್ಸು ತಪ್ಪುವುದು ನಿಂತಿತು, ದೂರೂ ನಿಂತಿತು. ಕೆಮ್ಮಿನ ಮಾತನ್ನು ಮಾವ ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಮೇಷ್ಟರೂ ಒಮ್ಮೆ ಕೇಳಿ ನಕ್ಕಿದ್ದುಂಟು.

ವರ್ಷಗಳು ಉರುಳಿದವು. ಮಾವನ ಮಗಳು ಓದಿ, ಊರಿನ ಕಾಲೇಜಿನಲ್ಲೇ ಭೌತಶಾಸ್ತ್ರದ ಉಪನ್ಯಾಸಕಿಯಾದಳು. ನಿವೃತ್ತರಾದ ಮೇಷ್ಟರು ಶನಿವಾರ ಸಂಜೆಗಳಲ್ಲಿ ವಾಚನಾಲಯದಲ್ಲಿ ಜನಸಾಮಾನ್ಯರಿಗಾಗಿ ಒಂದೊಂದು ಉಪನ್ಯಾಸ ಏರ್ಪಡಿಸುತ್ತಿದ್ದರು. ಒಂದು ಶನಿವಾರ ಅವಳ ಸರದಿ. ವಿಷಯ, ಪರಮಾಣು ಗಡಿಯಾರಗಳು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತು, ಇವಳು ನನ್ನ ಮಗಳು ಎಂದು ಪಕ್ಕದವರಿಗೆಲ್ಲ, ಗೊತ್ತಿದ್ದವರಿಗೂ ಹೇಳಿದರು.

ಅವಳು ಸರಳವಾಗಿ ಹೇಳಿದಳು. ಪರಮಾಣುವಿನೊಳಗಿನ ಮಿಡಿತವನ್ನು ಎಣಿಸುವ ಗಡಿಯಾರಗಳಿವೆ. ಒಂದೇ ಬಗೆಯ ಎರಡನ್ನು ಸರಿಹೊಂದಿಸಿ, ಒಂದನ್ನು ತಗ್ಗಿನಲ್ಲೂ ಇನ್ನೊಂದನ್ನು ಎತ್ತರದಲ್ಲೂ ಇಟ್ಟರೆ, ಭೂಮಿಯ ಸೆಳೆತದಿಂದ ದೂರವಿರುವ ಮೇಲಿನದು ಕೆಳಗಿನದಕ್ಕಿಂತ ತುಸು ಮುಂದೆ ಹೋಗುತ್ತದೆ. ನಮ್ಮ ಬೆಟ್ಟದಷ್ಟು ಎತ್ತರಕ್ಕೆ ಲಕ್ಷ ವರ್ಷ ಕಳೆದರೂ ಒಂದು ಸೆಕೆಂಡು ಆಗದಷ್ಟು ಸಣ್ಣ ವ್ಯತ್ಯಾಸ. ಆದರೂ ಅದನ್ನು ಅಳೆದಿದ್ದಾರೆ. ಮೇಲೆ ಕಾಲವೇ ಚೂರು ಬೇಗ ಸಾಗುತ್ತದೆ ಎಂಬುದು ಅದರ ಅರ್ಥ.

ಮಾವನಿಗೆ ತಡೆಯಲಾಗಲಿಲ್ಲ. ಎದ್ದು ನಿಂತರು.

“ಗಡಿಯಾರ ಮುಂದೆ ಹೋದ್ರೆ ಗಡಿಯಾರ ಕೆಟ್ಟಿದೆ ಅಂತ ನಮ್ಮ ಕಸುಬಲ್ಲಿ ಹೇಳ್ತಾರೆ, ಕಾಲ ಕೆಟ್ಟಿದೆ ಅಂತಲ್ಲ. ನನ್ನ ಅಂಗಡಿ ಗೋಡೆ ಮೇಲೆ ಒಂದೊಂದು ಒಂದೊಂದು ಹೊತ್ತು ತೋರಿಸ್ತವೆ. ಹಾಗಂತ ನಾನು ಕಾಲದ ಅಂಗಡಿ ಇಟ್ಟಿದೀನಾ? ಆ ನಿಮ್ಮ ಪರಮಾಣುವನ್ನ ನಂಗೆ ಕಳಿಸಿಕೊಡಿ, ಎಣ್ಣೆ ಬಿಟ್ಟು ಮುದ್ರೆ ಹಾಕಿ ಕೊಡ್ತೀನಿ.”

ಸಭೆ ಗೊಳ್ಳೆಂದಿತು. ಮಗಳು ಏನೋ ಹೇಳಹೊರಟಳು. “ಬರೀ ಒಂದು ಬಗೆ ಗಡಿಯಾರ ಮಾತ್ರ ಹಾಗೆ ಮಾಡಿದ್ರೆ ನೀವು ಹೇಳಿದ್ದು ಸರಿ ಅಪ್ಪಾ, ಆದ್ರೆ” ಅನ್ನುವುದರೊಳಗೆ ಇನ್ನೊಂದು ಅಲೆ ನಗು. ಅವಳು ಸೀಮೆಸುಣ್ಣವನ್ನು ಕೆಳಗಿಟ್ಟಳು; ಉಪನ್ಯಾಸ ಅಲ್ಲಿಗೇ ನಿಂತಿತು. ಮೇಷ್ಟರು ವಂದನಾರ್ಪಣೆ ಮಾಡಿ ಮುಗಿಸಿದರು. ಅವಳು ಸೀಮೆಸುಣ್ಣ ಇಟ್ಟ ರೀತಿ ಎಲ್ಲೋ ಕಂಡದ್ದೆಂದು ಮಾವನಿಗೆ ಅನ್ನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ.

ಮನೆಯಲ್ಲಿ ಊಟಕ್ಕೆ ಕುಳಿತಾಗ ಹೆಂಡತಿ ತಟ್ಟೆಯನ್ನು ಬೇಕಿದ್ದಕ್ಕಿಂತ ಜೋರಾಗಿ ಇಟ್ಟರು. ಮಗಳ ಉಪನ್ಯಾಸಕ್ಕೆ ಹೋದವರು ತಾವೇ ಉಪನ್ಯಾಸ ಮಾಡಿ ಬಂದರಂತೆ ಎಂದು ಗೋಡೆಗೆ ಹೇಳಿದರು. ಕೊನೆಗೆ ಮಗಳೇ ಬಾಯಿಬಿಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತರಗತಿಯಲ್ಲಿ ಹಿಂದುಳಿದವನಿಗೆ ಇನ್ನೊಮ್ಮೆ ಹೇಳುವ ತಾಳ್ಮೆಯಿತ್ತು.

“ಅಪ್ಪಾ, ನಿಮ್ಮ ಪ್ರಶ್ನೆ ತಪ್ಪಲ್ಲ. ನನ್ನ ಉತ್ತರ ಕೇಳಲಿಲ್ಲ ನೀವು. ಲೋಲಕದ ಗಡಿಯಾರಾನೇ ತಗೊಳ್ಳಿ. ಬೆಟ್ಟದ ಮೇಲೆ ಇಟ್ರೆ ಅದು ನಿಧಾನ ಆಗತ್ತೆ. ಮೇಲೆ ಭೂಮಿ ಸೆಳೆತ ಕಮ್ಮಿ, ಗುಂಡು ಸೋಮಾರಿಯಾಗಿ ತೂಗತ್ತೆ. ಅದನ್ನ ನೋಡಿ ಕಾಲ ನಿಧಾನ ಆಯ್ತು ಅಂತ ಯಾರೂ ಹೇಳಲ್ಲ.”

ಮಾವನ ಕೈ ಅರ್ಧದಲ್ಲಿ ನಿಂತಿತು. “ಏನಂದೆ?”

“ನಿಧಾನ ಆಗತ್ತೆ ಅಂದೆ. ತಿರುಪು ಮುಟ್ಟದೇ ಇದ್ರೂ.”

ಎಷ್ಟು ನಿಧಾನ ಎಂದು ಅವರು ಕೇಳಿದರು. ಅವಳು ಊಟದ ಮೇಜಿನ ಮೇಲೆ ಬೆರಳಿನಿಂದ ಏನೋ ಗೀಚಿ ಲೆಕ್ಕ ಹಾಕಿ, ನಮ್ಮ ಆಸ್ಪತ್ರೆ ಬೆಟ್ಟವಾದರೆ ವಾರಕ್ಕೆ ಒಂದೆರಡು ನಿಮಿಷ ಎಂದಳು. ಮೊಗಸಾಲೆಯ ಗಡಿಯಾರ ಸರಿಯಾಗಿ ಅಷ್ಟೇ ಹಿಂದೆ ಬೀಳುತ್ತಿತ್ತು.

ಅವಳು ಮುಂದುವರಿಸಿದಳು. ಲೋಲಕದ ಪಕ್ಕದಲ್ಲೇ ಸ್ಪ್ರಿಂಗಿನ ವಾಚು ಇಟ್ಟುಕೊಂಡರೆ ಅದು ಹಾಗೆ ಹಿಂದೆ ಬೀಳುವುದಿಲ್ಲ. ಎರಡು ಬೇರೆ ಬೇರೆ ಬಗೆಯ ಗಡಿಯಾರಗಳಲ್ಲಿ ಜಗಳ ಬಂತೆಂದರೆ ತಪ್ಪು ಗಡಿಯಾರದ್ದು. ಆದರೆ ಪರಮಾಣು ಗಡಿಯಾರಗಳಲ್ಲಿ ಒಂದರ ಧಾತು ಒಂದು, ಇನ್ನೊಂದರದು ಇನ್ನೊಂದು. ಕಟ್ಟಿದ ರೀತಿಯೂ ಬೇರೆ. ಎತ್ತರಕ್ಕೆ ಒಯ್ದರೆ ಅವೆಲ್ಲ ಒಂದೇ ಪ್ರಮಾಣದಲ್ಲಿ ಮುಂದೆ ಹೋಗುತ್ತವೆ. ಇದುವರೆಗೆ ಅಳೆದವರಿಗೆ ಅವುಗಳ ನಡುವೆ ಜಗಳ ಸಿಕ್ಕಿಲ್ಲ. ಪಕ್ಕದಲ್ಲಿ ನಿಂತವನ ಎದೆಬಡಿತವೂ ಅದರ ಜೊತೆಗೇ ಹೋಗುವುದರಿಂದ ಅವನಿಗೇನೂ ಗೊತ್ತಾಗುವುದಿಲ್ಲ. ಕೆಳಗಿನದರ ಜೊತೆ ಹೋಲಿಸಿದಾಗಲೇ ಕಾಣುವುದು. “ಎಲ್ಲವೂ ಒಟ್ಟಿಗೆ ಬದಲಾದ್ರೆ, ಕೆಟ್ಟಿದೆ ಅಂತ ಬೈಯೋಕೆ ಒಂದು ಗಡಿಯಾರಾನೂ ಉಳಿಯಲ್ಲ ಅಪ್ಪಾ. ಆಗ ಕಾಲ ಅಂತ ಹೇಳಲೇಬೇಕಾಗತ್ತೆ. ಅದಕ್ಕೇ ಪಕ್ಕದಲ್ಲಿ ಇನ್ನೊಂದು ಬಗೆ ಗಡಿಯಾರ ಇಟ್ಟು ನೋಡದೆ ಯಾರ ಮೇಲೂ ತಪ್ಪು ಹೊರಿಸಬಾರದು.”

ಪಕ್ಕದಲ್ಲಿ ಇನ್ನೊಂದು ಗಡಿಯಾರ ಇತ್ತು. ಗಂಟೆಯಕ್ಕ ಮಣಿಕಟ್ಟು ಚಾಚಿ ತೋರಿಸಿದ್ದಳು. ಸೀಮೆಸುಣ್ಣ ಇಟ್ಟ ಆ ರೀತಿಯನ್ನು ಎಲ್ಲಿ ಕಂಡೆನೆಂಬುದೂ ಆಗ ಮಾವನಿಗೆ ನೆನಪಾಯಿತು. ಅಂದು ಮೇಜಿನ ಮೇಲೆ ಇಟ್ಟದ್ದು ಸೀಮೆಸುಣ್ಣವಲ್ಲ, ಕೀಲಿ. ತಟ್ಟೆಯನ್ನು ಹಾಗೇ ಬಿಟ್ಟು ಎದ್ದರು. ಮಾತಿನಲ್ಲಿ ಸೋತದ್ದಕ್ಕೆ ಮುಖ ಊದಿಸಿಕೊಂಡರೆಂದು ತಾಯಿ ಮಗಳು ಇಬ್ಬರೂ ತಿಳಿದರು. ಅವರು ತಿಳಿದದ್ದನ್ನು ಮಾವ ತಿದ್ದಲಿಲ್ಲ.

ಮರುವಾರ ಒಬ್ಬರೇ ಬೆಟ್ಟಕ್ಕೆ ಹೋದರು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದರು. ಬಸ್ಸಿನ ಒಂದೊಂದು ತಿರುವಿಗೂ ಅದರ ಒಂದೊಂದು ಪದ ಉದುರುತ್ತಾ ಹೋಗಿ, ಮೇಲೆ ಇಳಿದಾಗ ಬಾಯಲ್ಲಿ ಏನೂ ಉಳಿದಿರಲಿಲ್ಲ. ಅದು ರೋಗಿಗಳು ಮಲಗುವ ಹೊತ್ತು. ಮೊಗಸಾಲೆ ಖಾಲಿ. ಮಾವ ತಮ್ಮ ಕೈಗಡಿಯಾರವನ್ನು ನೋಡಿದರು, ಗೋಡೆಯ ಗಡಿಯಾರವನ್ನು ನೋಡಿದರು. ಸದ್ದಾಗದಂತೆ ಬಾಗಿಲು ತೆರೆದು, ಚೂರಿಯ ತುದಿಯಿಂದ ತಮ್ಮ ಮುದ್ರೆಯನ್ನು ತಾವೇ ಒಡೆದು, ತಿರುಪನ್ನು ಅಂದಾಜಿನ ಮೇಲೆ ಬಿಗಿದರು. ಆಮೇಲೆ ಜೇಬಿನಿಂದ ಅರಗಿನ ತುಂಡು, ಬೆಂಕಿಪೆಟ್ಟಿಗೆ ತೆಗೆದು ಹೊಸ ಮುದ್ರೆ ಒತ್ತಿದರು. ಸ್ವಂತ ಕೆಲಸವನ್ನು ಕಳ್ಳನ ಹಾಗೆ ಮಾಡಿದ್ದು ಅದೇ ಮೊದಲು.

ಹೊರಬರುವಾಗ ಕಿಟಕಿಯಿಂದ ಬಟ್ಟೆ ಒಣಗಿಸುವ ತಾರಸಿ ಕಂಡಿತು. ಗಂಟೆಯಕ್ಕ ಒದ್ದೆ ಹೊದಿಕೆಯೊಂದನ್ನು ತಂತಿಗೆ ಎಸೆಯುತ್ತಿದ್ದಳು. ತಲೆ ಪೂರಾ ನರೆತಿತ್ತು. ಅವಳು ಇತ್ತ ತಿರುಗುವಂತಾದಾಗ ಮಾವ ಕಂಬದ ಮರೆಗೆ ಸರಿದರು. ಇಷ್ಟು ವಯಸ್ಸಾದ ಮೇಲೆ ಕಂಬದ ಹಿಂದೆ ಉಸಿರು ಬಿಗಿಹಿಡಿದು ನಿಂತ ತಮ್ಮನ್ನು ನೋಡಿ ತಮಗೇ ಹೇಸಿಗೆಯಾಯಿತು. ಆದರೂ ಅವಳು ಬುಟ್ಟಿ ಎತ್ತಿಕೊಂಡು ಹೋಗುವವರೆಗೂ ಕಂಬ ಬಿಡಲಿಲ್ಲ. ಗಡಿಯಾರ ಸರಿಹೋಯಿತಲ್ಲ, ಇನ್ನೇನು ಎಂದು ಬಸ್ಸಿನಲ್ಲಿ ತಮಗೆ ತಾವೇ ಹೇಳಿಕೊಂಡರು.

ಸರಿಹೋದದ್ದೇ ಮುಳುವಾಯಿತು. ಒಂದು ತಿಂಗಳ ಮೇಲೆ ಆಸ್ಪತ್ರೆಯ ವ್ಯಾನಿನ ಡ್ರೈವರು ಅಂಗಡಿಗೆ ಬಂದು ದೊಡ್ಡ ಡಾಕ್ಟರ ಸುದ್ದಿ ತಲುಪಿಸಿದ. ಇಷ್ಟು ವರ್ಷ ಕಾಂಪೌಂಡರನು ದಿನಾ ಮುಳ್ಳು ತಳ್ಳಬೇಕಾಗಿತ್ತಲ್ಲ, ಅದಕ್ಕೆ ಕಾರಣ ಆ ಒಗೆಯುವ ಹೆಂಗಸೇ ಎಂದು ಅಲ್ಲಿ ಎಲ್ಲರೂ ನಂಬಿದ್ದರಂತೆ. ಬಟ್ಟೆ ಹೊತ್ತು ಮೊಗಸಾಲೆ ದಾಟುವಾಗ ಹೊಟ್ಟೆಕಿಚ್ಚಿಗೆ ಲೋಲಕ ಹಿಡಿದು ನಿಲ್ಲಿಸುತ್ತಾಳೆ ಎಂದು. ಹೋದ ತಿಂಗಳು ಮಾವ ಬಂದು ಹೋದದ್ದನ್ನು ಕಾವಲುಗಾರ ನೋಡಿದ್ದ. ಅವತ್ತಿನಿಂದ ಮುಳ್ಳು ತಳ್ಳಬೇಕಾಗಿಯೇ ಬಂದಿಲ್ಲ.

“ನೀವು ಬಂದು ಅವಳಿಗೆ ಗದರಿಸಿದ್ರಿ, ಹೆದರಿ ಬಿಟ್ಟುಬಿಟ್ಟಳು ಅಂತ ಮಾತಾಡ್ಕೋತಿದಾರೆ” ಎಂದ ಡ್ರೈವರು. “ಡಾಕ್ಟರು ನಿಮಗೆ ಥ್ಯಾಂಕ್ಸ್ ಹೇಳಿದಾರೆ. ಅವಳಿಗೆ ವಯಸ್ಸಾಯ್ತು, ಆದರೂ ಆಸ್ಪತ್ರೆ ಹಿಂದಿನ ಕೋಣೇಲಿ ಇರಲಿ ಬಿಡು ಅಂತಿದ್ರು. ಈಗ ಅವಳದೇ ಕೆಲಸ ಅಂತ ಖಾತ್ರಿ ಆಯ್ತಲ್ಲ, ಬೇಡ ಅಂತಿದಾರೆ. ತಿಂಗಳ ಕೊನೆಗೆ ಕಳಿಸ್ತಾರಂತೆ.”

ಎಲ್ಲಿಗೆ ಕಳಿಸುತ್ತಾರೆ ಎಂದು ಮಾವ ಕೇಳಿದರು. ಅದು ಯಾರಿಗೆ ಗೊತ್ತು ಎಂದು ಡ್ರೈವರು ಹೋದ.

ಅಂದು ಸಂಜೆ ಮೇಷ್ಟರು ಚಹಾಕ್ಕೆ ಬಂದಾಗ ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಮಾವ ಭೂತಗನ್ನಡಿಯಿಲ್ಲದೆ, ಎರಡೂ ಕಣ್ಣು ಬರಿದಾಗಿ ಕುಳಿತಿದ್ದರು. ಕಾಲೇಜಿನಿಂದ ಬಂದ ಮಗಳು ಎದುರಿಗೆ ನಿಂತಿದ್ದಳು. ಮಾವ ಇಬ್ಬರಿಗೂ ಎಲ್ಲವನ್ನೂ ಹೇಳಿದರು. ಕಂಬದ ಮರೆಯನ್ನೂ ಬಿಡಲಿಲ್ಲ. ಕೆಮ್ಮಿನ ಮಾತಿಗೆ ತಾವೂ ಒಮ್ಮೆ ನಕ್ಕದ್ದು ಮೇಷ್ಟರಿಗೆ ನೆನಪಾಗಿ ಅವರು ಚಹಾ ಲೋಟದೊಳಗೆ ನೋಡುತ್ತ ಕುಳಿತರು. ಮಗಳು ಸಮಾಧಾನ ಹೇಳಲಿಲ್ಲ. ನಾಳೆ ನಾನೂ ಬರುತ್ತೇನೆ ಎಂದಳು.

“ಬೇಡ” ಎಂದರು ಮಾವ. “ನೀನು ಬಂದ್ರೆ ನೀನೇ ಚೆನ್ನಾಗಿ ವಿವರಿಸಿಬಿಡ್ತೀಯ. ವಿಜ್ಞಾನ ಆಗ್ಬಿಡತ್ತೆ. ನಾನು ಮಾಡಿದ್ದು ವಿಜ್ಞಾನ ಅಲ್ಲ.”

ಈ ಸಲ ಅವರು ಬೇಕೆಂದೇ ಔಷಧಿಯ ಹೊತ್ತಿಗೆ ಹೋದರು. ಮೊಗಸಾಲೆಯಲ್ಲಿ ಸಾಲು ನಿಂತಿತ್ತು; ಲೋಟಗಳು ಅವೇ ಇದ್ದವು, ಹಿಡಿದ ಕೈಗಳು ಬೇರೆ. ಧನ್ಯವಾದ ಹೇಳಲು ಬಂದ ದೊಡ್ಡ ಡಾಕ್ಟರನ್ನು ತಡೆದು, ಗಂಟೆಯಕ್ಕನನ್ನು ಕರೆಸಿ ಎಂದರು. ಅವಳು ಕೈ ಒರೆಸಿಕೊಳ್ಳುತ್ತಾ ಬಂದು, ಮಾವನನ್ನು ಕಂಡು ಬಾಗಿಲಲ್ಲೇ ನಿಂತಳು. ಇನ್ನೇನು ಉಳಿದಿದೆ ಎಂದು ಕೇಳುವ ಹಾಗಿತ್ತು ಆ ನಿಲುವು.

ಮಾವ ಗಡಿಯಾರದ ಬಾಗಿಲು ತೆರೆದರು. ಹೊಸ ಮುದ್ರೆಯನ್ನು ಉಗುರಿನಿಂದ ಕಿತ್ತು, ಕೆಂಪು ಚೂರುಗಳನ್ನು ಅಂಗೈಯಲ್ಲಿ ಹಿಡಿದು ಸಾಲಿನ ಕಡೆ ತಿರುಗಿದರು.

“ಈಕೆ ಈ ಗಡಿಯಾರ ಯಾವತ್ತೂ ನಿಲ್ಲಿಸಲಿಲ್ಲ. ಇಷ್ಟು ಎತ್ತರಕ್ಕೆ ಬಂದ್ರೆ ಲೋಲಕ ತಾನಾಗೇ ನಿಧಾನ ಆಗತ್ತೆ. ನಂಗದು ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋದೂ ಗೊತ್ತಿರಲಿಲ್ಲ. ತನ್ನ ವಾಚು ತೋರಿಸಿ ಈಕೆ ನಿಜ ಹೇಳಿದಳು, ನಾನು ನಕ್ಕೆ. ಗೊತ್ತಾದ ಮೇಲೆ ಹೋದ ತಿಂಗಳು ಕದ್ದು ಬಂದು ಸರಿ ಮಾಡಿ ಹೋದೆ. ಅದಕ್ಕೇ ಈಗ ಸರಿ ನಡೀತಿದೆ. ಈಕೆ ಹೆದರಿದ್ದಕ್ಕಲ್ಲ.”

ಸಾಲಿನ ನಡುವಿನಿಂದ ಒಬ್ಬ ರೋಗಿ, ಇಲ್ಲಿ ಕಾಲವೇ ನಿಧಾನವೇನೋ, ಅದಕ್ಕೇ ಮಧ್ಯಾಹ್ನ ಮುಗಿಯುವುದೇ ಇಲ್ಲ ಎಂದು ಮೆಲ್ಲಗೆ ಅಂದ. ಬೇರೆ ದಿನವಾದರೆ ಮಾವ ಅದಕ್ಕೊಂದು ತಮಾಷೆ ಪೋಣಿಸುತ್ತಿದ್ದರು. ಕಾಲ ಸರಿಯಾಗಿಯೇ ಇತ್ತು, ಗಡಿಯಾರ ಸರಿಯಿರಲಿಲ್ಲ ಎಂದಷ್ಟೇ ಹೇಳಿದರು.

ದೊಡ್ಡ ಡಾಕ್ಟರು ಕಾಂಪೌಂಡರನ ಮುಖ ನೋಡಿದರು, ಕಾಂಪೌಂಡರನು ನೆಲ ನೋಡಿದ. ಆಮೇಲೆ ಡಾಕ್ಟರು ಗಂಟೆಯಕ್ಕನ ಬಳಿಗೆ ಹೋಗಿ, ಕೋಣೆ ಖಾಲಿ ಮಾಡಬೇಕಾಗಿಲ್ಲ, ಕೊನೆಯವರೆಗೂ ಅಲ್ಲೇ ಇರಬಹುದು, ಬೇಕಾದರೆ ಗಂಟೆಯೂ ಕೀಲಿಯೂ ಮತ್ತೆ ನಿನ್ನದೇ ಎಂದರು.

ಅವಳು ಡಾಕ್ಟರಿಗೆ ಉತ್ತರ ಕೊಡುವ ಮೊದಲು ಮಾವನ ಕಡೆ ನೋಡಿದಳು. “ಅವತ್ತು ಇದ್ದ ಜನ ಇವರಲ್ಲ ಅಣ್ಣಾ. ಅವರಲ್ಲಿ ಎಷ್ಟೋ ಜನ ಸತ್ತೂ ಹೋದ್ರು. ನಾನೇ ನಿಲ್ಲಿಸಿದ್ದು ಅಂದ್ಕೊಂಡೇ ಹೋದ್ರು.”

ಮಾವ ಮುಷ್ಟಿ ಬಿಚ್ಚಿದರು. ಅಂಗೈಯ ಬೆವರಿಗೆ ಅರಗಿನ ಚೂರುಗಳು ಅಂಟಿದ್ದವು.

ಕೋಣೆ ಸಾಕು, ಗಂಟೆ ಬೇಡ ಎಂದು ಅವಳು ಡಾಕ್ಟರಿಗೆ ಹೇಳಿದಳು. ಕೀಲಿಯನ್ನು ಕಾಂಪೌಂಡರನೇ ಇಟ್ಟುಕೊಳ್ಳಲಿ. ಬಟ್ಟೆ ನೆನೆಹಾಕಿ ಬಂದಿದ್ದೇನೆ ಎಂದು ಹೊರಟಳು. ಮಾವ ಹಿಂದೆಯೇ ಹೋಗಿ, ಆ ಕೈಗಡಿಯಾರ ಎಲ್ಲಿ ಎಂದು ಕೇಳಿದರು. ಅವಳ ಮಣಿಕಟ್ಟು ಬರಿದಾಗಿತ್ತು. ಅವತ್ತು ಬಿಚ್ಚಿಟ್ಟದ್ದು, ಆಮೇಲೆ ಕೀ ಕೊಡಲಿಲ್ಲ, ಪೆಟ್ಟಿಗೆಯಲ್ಲೆಲ್ಲೋ ಇರಬೇಕು ಎಂದಳು. ಕೊಟ್ಟರೆ ಸರಿಮಾಡಿ ತರುತ್ತೇನೆ ಎಂದರು. “ಅದು ಕೆಟ್ಟಿರಲಿಲ್ಲವಲ್ಲ ಅಣ್ಣಾ” ಎಂದು ಅವಳು ಮೆಟ್ಟಿಲಿಳಿದಳು.

ಕೆಲವು ವಾರಗಳ ಮೇಲೆ ಮೇಷ್ಟರು ವಾಚನಾಲಯದಲ್ಲಿ ಅದೇ ಉಪನ್ಯಾಸವನ್ನು ಮತ್ತೆ ಇಟ್ಟರು. ನಿಂತಲ್ಲಿಂದ ಮುಂದಕ್ಕೆ ಎಂದು ಹಲಗೆಯ ಮೇಲೆ ಬರೆಸಿದರು. ಮಗಳು ಈ ಸಲ ಕೊನೆಯವರೆಗೂ ಮಾತಾಡಿದಳು. ಹಾಗಾದರೆ ಕಾಲವೇ ಬದಲಾಗುತ್ತದೆಂದು ಎದೆ ತಟ್ಟಿ ಹೇಳಬಹುದೇ ಎಂದು ಒಬ್ಬರು ಕೇಳಿದರು. ಕಾಲವನ್ನು ಬರಿಗೈಯಲ್ಲಿ ಹಿಡಿದು ತೋರಿಸಲು ನನಗೆ ಬಾರದು, ಗಡಿಯಾರಗಳನ್ನಷ್ಟೇ ತೋರಿಸಬಲ್ಲೆ, ಆದರೆ ಬೇರೆ ಬೇರೆ ಜಾತಿಯ ಸಾಕ್ಷಿಗಳೆಲ್ಲ ಒಂದೇ ಮಾತು ಹೇಳುವಾಗ ಅವರನ್ನು ಸುಳ್ಳರೆನ್ನಲು ನನಗೆ ಕಾರಣ ಸಿಗುತ್ತಿಲ್ಲ ಎಂದಳು ಅವಳು. ಹಿಂದಿನ ಸಾಲಿನ 'ಕಾಲದ ಅಂಗಡಿ ಎಲ್ಲಪ್ಪಾ' ಎಂಬ ಕೀಟಲೆಗೆ ಕೆಲವರು ನಕ್ಕರು. ಕೊನೆಯ ಕುರ್ಚಿಯಲ್ಲಿದ್ದ ಮಾವ ತಲೆ ಎತ್ತಲಿಲ್ಲ.

ಈಗ ಅವರು ಯಾವ ಗಡಿಯಾರಕ್ಕೂ ಮುದ್ರೆ ಹಾಕುವುದಿಲ್ಲ. ಊರಿನವರು ಮುದ್ರೆ ಮಾವ ಎಂದು ಕರೆಯುವುದನ್ನು ಮಾತ್ರ ಬಿಟ್ಟಿಲ್ಲ. ಕರೆದಾಗಲೆಲ್ಲ ಅವರ ಮುಖದ ಮೇಲೆ ಒಂದು ಗೆರೆ ಹಾದು ಹೋಗುತ್ತದೆ. ಗಡಿಯಾರವನ್ನು ನೇತುಹಾಕುವ ಮನೆಗೇ ಹೋಗಿ, ಅಲ್ಲೇ ಕುಳಿತು ಸರಿಮಾಡುತ್ತಾರೆ. ಮನೆಯವರ ವಾಚು ಎಷ್ಟು ಹೊತ್ತು ತೋರಿಸುತ್ತಿದೆ ಎಂದು ಮೊದಲು ಕೇಳುತ್ತಾರೆ. ತಿಂಗಳಿಗೊಮ್ಮೆ ಬೆಳಗಿನ ಬಸ್ಸಿಗೆ ಬೆಟ್ಟಕ್ಕೆ ಹೋಗುತ್ತಾರೆ. ಮೊಗಸಾಲೆಯಲ್ಲಿ ಕೆಲಸ ಬೇಗ ಮುಗಿಯುತ್ತದೆ. ಬಸ್ಸಿಗೆ ಇನ್ನೂ ಹೊತ್ತಿರುವುದರಿಂದ ತಾರಸಿಗೆ ಹೋಗುತ್ತಾರೆ. ಮೊದಲು ಒಂದಷ್ಟು ಸಲ ಗಂಟೆಯಕ್ಕ ಅವರ ಕಡೆ ನೋಡಲಿಲ್ಲ. ಒಂದು ದಿನ ಗಾಳಿ ಜೋರಾಗಿತ್ತು. ಒಣಗಿದ ಹೊದಿಕೆಯ ಇನ್ನೊಂದು ತುದಿ ಅವಳ ಕೈಗೆ ಸಿಗದೆ ಹಾರಾಡುತ್ತಿತ್ತು. ಮಾವ ಹೋಗಿ ಹಿಡಿದರು. ಬೇಡ ಎಂದು ಅವಳು ಹೇಳಲಿಲ್ಲ.

ಅಂದಿನಿಂದ ಅವರು ಆ ತುದಿ ಹಿಡಿಯುತ್ತಾರೆ, ಅವಳು ಈ ತುದಿ. ಇಬ್ಬರೂ ಹತ್ತಿರ ಬಂದು ಮಡಿಸಿ, ಮತ್ತೆ ದೂರ ಹೋಗುತ್ತಾರೆ. ಮಾತು ಕಡಿಮೆ. ಮಾವನ ಜೇಬಿನಲ್ಲಿ ಭೂತಗನ್ನಡಿಯೂ ಪುಟ್ಟ ಸಲಕರಣೆಗಳ ಸುರುಳಿಯೂ ಇದ್ದೇ ಇರುತ್ತವೆ. ಹೊರಡುವಾಗ ಪ್ರತಿಸಲವೂ ಆ ವಾಚು ಸಿಕ್ಕಿತೇ ಎಂದು ಕೇಳುತ್ತಾರೆ. ಹುಡುಕಬೇಕು, ನೋಡೋಣ ಎಂದು ಪ್ರತಿಸಲವೂ ಅವಳು ಹೇಳುತ್ತಾಳೆ.